ರೆಫರ್ ಚೀಟಿಗೂ ಮೊದಲಿನ ಒಂದು ತಾಸು

ಸೇಡಂ, ಚಿಂಚೋಳಿ, ಔರಾದ, ಸುರಪುರದಂಥ ಊರುಗಳ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿರುವ ವೈದ್ಯರು, ಸ್ಟಾಫ್ ನರ್ಸ್‌ಗಳು ಇದನ್ನು ಓದಬೇಕು ಎಂಬುದು ನಮ್ಮ ಆಸೆ. ರಕ್ತದ ಪೊಟ್ಯಾಸಿಯಂ, ಸೋಡಿಯಂ ಏರುಪೇರಾದ ರೋಗಿ ಬಂದರೆ ಕಲಬುರಗಿಯ ಜಿಮ್ಸ್‌ಗೋ, ಬೀದರಿನ ಬ್ರಿಮ್ಸ್‌ಗೋ, ಯಾದಗಿರಿಯ ಯಿಮ್ಸ್‌ಗೋ, ಹೀಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆದು ಕಳಿಸುವುದು ರೂಢಿ. ಕಳಿಸಲೇಬೇಕು, ನಿಜ. ಆದರೆ ಚಿಂಚೋಳಿಯಿಂದ ಕಲಬುರಗಿ ಎರಡು ತಾಸಿನ ಹತ್ತಿರದ ದಾರಿ. ಪೊಟ್ಯಾಸಿಯಂ ಏರಿದ ಹೃದಯ ಅಷ್ಟು ಹೊತ್ತು ಕಾಯುತ್ತದೆಂಬ ಭರವಸೆ ಇಲ್ಲ. ಇತ್ತ ಸೋಡಿಯಂ ಇಳಿದ ಮೆದುಳಿಗೆ ಆತುರದಲ್ಲಿ ಹೆಚ್ಚು ಉಪ್ಪು ಹಾಕಿಬಿಟ್ಟರೆ, ಗುಣವಾದಂತೆ ಕಂಡ ರೋಗಿ ನಾಲ್ಕು ದಿನ ಬಿಟ್ಟು ಕೈಕಾಲಿನ ಸ್ವಾಧೀನ ಕಳೆದುಕೊಳ್ಳಬಹುದು. ಒಂದರದ್ದು ನಿಮಿಷದ ಲೆಕ್ಕ, ಇನ್ನೊಂದರದ್ದು ದಿನದ ಲೆಕ್ಕ. ಈ ಎರಡು ಲೆಕ್ಕ ಅದಲುಬದಲಾದಾಗಲೇ ಅನಾಹುತ ಆಗುವುದು.

ಇಲ್ಲಿ ಬರುವ ರಕ್ತದ ಪೊಟ್ಯಾಸಿಯಂ, ಸೋಡಿಯಂ ಅಂಕಿಗಳೆಲ್ಲ ಪ್ರತಿ ಲೀಟರ್‌ಗೆ ಮಿಲಿ ಇಕ್ವಿವಲೆಂಟ್ ಲೆಕ್ಕದವು, ಮಿಲಿ ಇಕ್ವಿವಲೆಂಟ್ ಅನ್ನು ಮಿ.ಇ. ಎಂದು ಬರೆಯುತ್ತೇವೆ. ಶುಗರ್‌ನ ಅಂಕಿ ಪ್ರತಿ ಡೆಸಿಲೀಟರ್‌ಗೆ ಮಿ.ಗ್ರಾಂ. ಲೆಕ್ಕದ್ದು. ಪೊಟ್ಯಾಸಿಯಂ 3.5ರಿಂದ 5, ಸೋಡಿಯಂ 135ರಿಂದ 145 ಇದ್ದರೆ ಸರಿ. ಔಷಧದ ಅಳತೆ ಬೇರೆ ಹೇಳದಿದ್ದರೆ ದೊಡ್ಡವರದು.

ಪೊಟ್ಯಾಸಿಯಂ ಏರಿದಾಗ

ಇಂಥ ರೋಗಿ ಯಾರು ಎಂಬುದು ಬಾಗಿಲಲ್ಲೇ ಗೊತ್ತಾಗಬೇಕು. ತೊಗರಿ ರಾಶಿ ಇತ್ತೆಂದೋ, ಮನೆಯಲ್ಲಿ ಮದುವೆ ಇತ್ತೆಂದೋ ಒಂದೆರಡು ಡಯಾಲಿಸಿಸ್ ತಪ್ಪಿಸಿದವರು. ಬಿಪಿಗೆ ಟೆಲ್ಮಿಸಾರ್ಟಾನ್, ಹೃದಯಕ್ಕೆ ಸ್ಪೈರೊನೊಲ್ಯಾಕ್ಟೋನ್ ನುಂಗುತ್ತಿದ್ದು, ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಮೂತ್ರ ಕಡಿಮೆಯಾದ ಮುದುಕರು. ಮೊಣಕಾಲು ನೋವಿಗೆ ದಿನಾ ಡೈಕ್ಲೋಫೆನಾಕ್ ತಿಂದವರು. ಪ್ರಾಸ್ಟೇಟ್ ದಪ್ಪವಾಗಿ ಮೂತ್ರ ಕಟ್ಟಿದವರು. ಇವರಲ್ಲಿ ಕೆಲವರು "ಕಾಲಾಗ ಕಸುವೇ ಇಲ್ರಿ, ಚಕ್ರ ಬರ್ಲಾಕತ್ತದ" ಅನ್ನುತ್ತಾರೆ. ಬಹಳ ಜನ ಏನೂ ಅನ್ನುವುದಿಲ್ಲ. ಕಿಡ್ನಿ ಕೆಟ್ಟವರ ನಾಡಿ ನಿಮಿಷಕ್ಕೆ 40ರ ಆಸುಪಾಸು ಸಿಕ್ಕರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಪೊಟ್ಯಾಸಿಯಂ ಎಂದೇ ತಿಳಿಯಿರಿ.

ರಿಪೋರ್ಟ್‌ಗೆ ಕಾಯದೆ ಇಸಿಜಿ ತೆಗೆಯಿರಿ. ಮೊದಲು ಟಿ ತರಂಗ ಕಿರಿದಾಗಿ, ಚೂಪಾಗಿ, ಡೇರೆಯ ಹಾಗೆ ಎದ್ದು ನಿಲ್ಲುತ್ತದೆ. ಆಮೇಲೆ ಪಿ ತರಂಗ ಚಪ್ಪಟೆಯಾಗಿ ಮಾಯವಾಗುತ್ತದೆ, ಪಿಆರ್ ಉದ್ದವಾಗುತ್ತದೆ, ಕ್ಯೂಆರ್‌ಎಸ್ (ಹೃದಯದ ಕೆಳಕೋಣೆಗಳ ಬಡಿತದ ಗೆರೆ) ಅಗಲವಾಗುತ್ತದೆ. ಕೊನೆಗೆ ಎಲ್ಲ ಕೂಡಿ ಅಲೆಯ ಗೆರೆಯೊಂದೇ ಉಳಿಯುತ್ತದೆ. ಅದರ ಮುಂದಿನದು ಹೃದಯ ನಿಲ್ಲುವುದು. ಈ ಮೆಟ್ಟಿಲುಗಳು ಪುಸ್ತಕದ ಕ್ರಮದಲ್ಲೇ ಬರಬೇಕೆಂದಿಲ್ಲ. ಪೊಟ್ಯಾಸಿಯಂ 7 ಇದ್ದಾಗಲೂ ಇಸಿಜಿ ಮಾಮೂಲಾಗಿ ಕಾಣಬಹುದು. ಆದ್ದರಿಂದ ಇಸಿಜಿ ಕೆಟ್ಟಿದ್ದರೆ ಚಿಕಿತ್ಸೆ ಶುರುಮಾಡಿ. ಚೆನ್ನಾಗಿದೆ ಎಂದು ಮಾತ್ರ ಸುಮ್ಮನಿರಬೇಡಿ. 6.5 ದಾಟಿದ ನಂಬುವಂಥ ರಿಪೋರ್ಟ್ ಕೈಯಲ್ಲಿದ್ದರೆ ಇಸಿಜಿ ಹೇಗಿದ್ದರೂ ಅದು ತುರ್ತೇ.

ಒಂದು ತಪ್ಪನ್ನು ಬಿಡಿಸಿ ಹೇಳಲೇಬೇಕು. ಅಗಲವಾದ ಕ್ಯೂಆರ್‌ಎಸ್ ಕಂಡ ಕೂಡಲೇ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ, ಅಂದರೆ ಕೆಳಕೋಣೆಗಳ ಅತಿವೇಗದ ಬಡಿತ, ಎಂದು ಬಡಿತ ತಿದ್ದುವ ಅಮಿಯೋಡರೋನ್‌ಗೋ ಲಿಗ್ನೋಕೇನ್‌ಗೋ ಕೈ ಹಾಕುತ್ತೇವೆ. ಬಡಿತ 120ಕ್ಕಿಂತ ಕಡಿಮೆ ಇದ್ದು ರೋಗಿ ಕಿಡ್ನಿಯವರಾದರೆ ಕೈ ತಡೆಯಿರಿ. ಪೊಟ್ಯಾಸಿಯಂನಿಂದ ಆಗಲೇ ಸೋತ ಹೃದಯವನ್ನು ಆ ಔಷಧಗಳು ಪೂರ್ತಿ ನಿಲ್ಲಿಸಿಬಿಡಬಹುದು. ಅಲ್ಲಿ ಬೇಕಾದದ್ದು ಕ್ಯಾಲ್ಸಿಯಂ. ಹಾಗೆಯೇ ಮೆಟೊಪ್ರೊಲಾಲ್, ಅಟೆನೊಲಾಲ್ ತಿನ್ನುವವರ ಕಿಡ್ನಿ ಕೈಕೊಟ್ಟು, ನಾಡಿ ನಿಧಾನವಾಗಿ, ಬಿಪಿ ಬಿದ್ದು ಬಂದಾಗ ಅಟ್ರೋಪಿನ್‌ಗೆ ನಾಡಿ ಏಳದಿದ್ದರೆ ಪೊಟ್ಯಾಸಿಯಂ ನೆನಪಾಗಲಿ.

ಕ್ಯಾಲ್ಸಿಯಂ ಗ್ಲುಕೋನೇಟ್ 10 ಪರ್ಸೆಂಟ್‌ನ 10 ಮಿ.ಲೀ. ಆಂಪ್ಯೂಲ್ ಒಂದನ್ನು, ಒಳ್ಳೆಯ ರಕ್ತನಾಳದಲ್ಲಿ, ಮಾನಿಟರ್ ಹಚ್ಚಿಕೊಂಡು, 3ರಿಂದ 5 ನಿಮಿಷದಲ್ಲಿ ಕೊಡಿ. ಒಂದೆರಡು ನಿಮಿಷದಲ್ಲೇ ಕ್ಯೂಆರ್‌ಎಸ್ ಕಿರಿದಾಗುವುದು ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ 5 ನಿಮಿಷ ಬಿಟ್ಟು ಇನ್ನೊಂದು, ಆಗಲೂ ಇಲ್ಲದಿದ್ದರೆ ಮೂರನೆಯದು. ಒಂದು ಆಂಪ್ಯೂಲ್ ಕೊಟ್ಟು "ಕ್ಯಾಲ್ಸಿಯಂ ಆಯ್ತು" ಎಂದು ಗೀಟು ಹಾಕುವುದು ಸಾಲದು, ಗೆರೆ ಸರಿಯಾಗುವವರೆಗೆ ಕೊಡಬೇಕು. ಹೃದಯದ ಗುಳಿಗೆ ಡಿಗಾಕ್ಸಿನ್ ತಿನ್ನುವವರಿಗೆ ಇದೇ ಆಂಪ್ಯೂಲನ್ನು 100 ಮಿ.ಲೀ. ಡೆಕ್ಸ್‌ಟ್ರೋಸ್ 5 ಪರ್ಸೆಂಟ್‌ನಲ್ಲಿ ಬೆರೆಸಿ 20ರಿಂದ 30 ನಿಮಿಷದಲ್ಲಿ ಹರಿಸಿ. ಸೋಡಿಯಂ ಬೈಕಾರ್ಬೋನೇಟ್ ಹೋಗುತ್ತಿರುವ ಅದೇ ಲೈನಿನಲ್ಲಿ ಕ್ಯಾಲ್ಸಿಯಂ ಕೊಟ್ಟರೆ ನಳಿಕೆಯೊಳಗೆ ಸುಣ್ಣದಂತೆ ಗಟ್ಟಿಯಾಗುತ್ತದೆ. ನಡುವೆ ಸಲಾಯಿನ್‌ನಿಂದ ತೊಳೆಯಿರಿ, ಇಲ್ಲವೇ ಬೇರೆ ಲೈನ್ ಹಾಕಿ.

ಕ್ಯಾಲ್ಸಿಯಂ ಪೊಟ್ಯಾಸಿಯಂ ಅನ್ನು ಒಂದಂಕಿಯೂ ಇಳಿಸುವುದಿಲ್ಲ. 30ರಿಂದ 60 ನಿಮಿಷ ಹೃದಯಕ್ಕೆ ಕಾವಲು ಕೊಡುತ್ತದೆ, ಅಷ್ಟೇ. ಆ ಕಾವಲಿನ ಹೊತ್ತಿನಲ್ಲಿ ಇನ್ಸುಲಿನ್ ಕೊಟ್ಟು ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳಬೇಕು: ರೆಗ್ಯುಲರ್ ಇನ್ಸುಲಿನ್ 10 ಯೂನಿಟ್ ಐವಿ, ಜೊತೆಗೆ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಮಿ.ಲೀ. ಶುಗರ್ ಆಗಲೇ 250 ದಾಟಿದ್ದರೆ ಡೆಕ್ಸ್‌ಟ್ರೋಸ್ ಬೇಡ. ಮಂಕಾದ ಮಿಕ್ಸ್ ಇನ್ಸುಲಿನ್ ಎಂದಿಗೂ ರಕ್ತನಾಳಕ್ಕೆ ಹೋಗಬಾರದು.

ಇಲ್ಲೊಂದು ಸಣ್ಣ ವಿಷಯ ದೊಡ್ಡ ತಪ್ಪಾಗುತ್ತದೆ. ಸರ್ಕಾರಿ ಸರಬರಾಜಿನ ಬಾಟಲಿ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್‌ನದು. ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್‌ನ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 4 ಯೂನಿಟ್. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ 25 ಯೂನಿಟ್! ಬಾಟಲಿಯ ಮೇಲಿನ ಅಂಕಿ, ಮುಚ್ಚಳದ ಬಣ್ಣ ಎರಡನ್ನೂ ಇಬ್ಬರು ನೋಡಿ ಗಟ್ಟಿಯಾಗಿ ಹೇಳಿಕೊಳ್ಳಿ.

ಇನ್ಸುಲಿನ್ ಕೊಟ್ಟ ಮೇಲೆ ಶುಗರ್ ಬೀಳುವುದು ಡೆಕ್ಸ್‌ಟ್ರೋಸ್ ಮುಗಿದ ಒಂದೆರಡು ತಾಸಿಗೆ, ಎಲ್ಲರೂ ನಿರಾಳವಾದ ಹೊತ್ತಿಗೆ. ಕಿಡ್ನಿ ಕೆಟ್ಟವರಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಅದಕ್ಕೇ 6 ತಾಸು, ತಾಸಿಗೊಮ್ಮೆ ಗ್ಲುಕೋಮೀಟರ್. ಮೊದಲೇ ಶುಗರ್ 126ಕ್ಕಿಂತ ಕಡಿಮೆ ಇದ್ದವರಿಗೆ 10 ಪರ್ಸೆಂಟ್ ಡೆಕ್ಸ್‌ಟ್ರೋಸ್ ತಾಸಿಗೆ 50 ಮಿ.ಲೀ.ನಂತೆ 5 ತಾಸು ಹಚ್ಚಿಡಿ.

ಜೊತೆಗೆ ಸಾಲ್ಬುಟಮಾಲ್ ನೆಬ್ಯುಲೈಸರ್. ಅಸ್ತಮಾಕ್ಕೆ ಕೊಡುವ 2.5 ಮಿ.ಗ್ರಾಂ.ನ ಒಂದು ರೆಸ್ಪ್ಯೂಲ್‌ನಿಂದ (ಔಷಧದ ಪುಟ್ಟ ಪ್ಲಾಸ್ಟಿಕ್ ಕೊಳವೆ) ಪೊಟ್ಯಾಸಿಯಂ ಅಷ್ಟಾಗಿ ಕದಲದು. ಬೇಕಾದದ್ದು 10 ಮಿ.ಗ್ರಾಂ., ಅಂದರೆ ನಾಲ್ಕು ರೆಸ್ಪ್ಯೂಲ್, ಎರಡೆರಡಾಗಿ ಹಾಕಿ. ಹೃದಯಾಘಾತವಾದವರಲ್ಲಿ ಎದೆನೋವು, ನಾಡಿಯ ಮೇಲೆ ಕಣ್ಣಿರಲಿ. ಬೈಕಾರ್ಬೋನೇಟ್ ಆಮ್ಲ ಏರಿ ಉಸಿರು ಆಳವಾಗಿ, ವೇಗವಾಗಿ ಓಡುತ್ತಿದ್ದವರಿಗೆ ಮಾತ್ರ ಅರ್ಥಪೂರ್ಣ. ಪೊಟ್ಯಾಸಿಯಂ ಹೀರುವ ಪುಡಿಯ ಸ್ಯಾಷೆ ನಿಧಾನದ ಔಷಧ. ಅದನ್ನು ಕುಡಿಸಿ ತುರ್ತು ಚಿಕಿತ್ಸೆ ಆಯಿತೆಂದು ತಿಳಿಯುವುದು ಬೇಡ. ಮೂತ್ರ ಕಟ್ಟಿದವರಿಗೆ ಕ್ಯಾಥೆಟರ್ ಹಾಕುವುದೇ ಅರ್ಧ ಚಿಕಿತ್ಸೆ, ಅದನ್ನು ಜಿಲ್ಲಾಸ್ಪತ್ರೆಗೆ ಬಿಡಬೇಡಿ. ನೀರು ಬತ್ತಿದವರಿಗೆ ರಿಂಗರ್ ಲ್ಯಾಕ್ಟೇಟ್ ಕೊಡಲು ಹಲವರು ಹೆದರುತ್ತಾರೆ, ಅದರಲ್ಲಿ ಪೊಟ್ಯಾಸಿಯಂ ಇದೆಯೆಂದು. ಇರುವುದು ಲೀಟರ್‌ಗೆ 4 ಮಿ.ಇ.; ರೋಗಿಯ 7ಕ್ಕಿಂತ ಅದು ಕಡಿಮೆಯೇ. ನಾರ್ಮಲ್ ಸಲಾಯಿನ್ ಲೀಟರ್‌ಗಟ್ಟಲೆ ಹೋದರೆ ಆಮ್ಲ ಹೆಚ್ಚಿ ಪೊಟ್ಯಾಸಿಯಂ ಏರಲೂಬಹುದು.

ಇನ್ಸುಲಿನ್ ಒಳಗೆ ತಳ್ಳಿದ್ದು 4ರಿಂದ 6 ತಾಸಿನಲ್ಲಿ ಹೊರಗೆ ಬರುತ್ತದೆ. ಅಷ್ಟರೊಳಗೆ ಡಯಾಲಿಸಿಸ್ ಕುರ್ಚಿ ಸಿಗಬೇಕು. ಹೀಗಾಗಿ 108ಕ್ಕೆ ಫೋನ್ ಮಾಡುವಾಗಲೇ ಡಯಾಲಿಸಿಸ್ ಘಟಕಕ್ಕೂ ಫೋನ್ ಮಾಡಿ, ರಾತ್ರಿ ಯಂತ್ರ ನಡೆಸುವವರು ಇದ್ದಾರೆಯೇ ಎಂದು ಕೇಳಿ. ಇಲ್ಲವೆಂದರೆ ಇದ್ದಲ್ಲಿಗೇ ನೇರವಾಗಿ ಕಳಿಸಿ. ಆಂಬ್ಯುಲೆನ್ಸ್‌ನಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್‌ನ ಮೂರು ಆಂಪ್ಯೂಲ್ ಕೊಡಿ. ಮೊದಲ ಡೋಸ್‌ನ ಕಾವಲು ದಾರಿಯ ಮಧ್ಯದಲ್ಲೇ ಮುಗಿಯುತ್ತದೆ. ಜೊತೆಗೆ ಹೋಗುವ ಸಿಬ್ಬಂದಿಗೆ "ಕ್ಯೂಆರ್‌ಎಸ್ ಮತ್ತೆ ಅಗಲವಾದರೆ ಇನ್ನೊಂದು" ಎಂದು ಬರೆದುಕೊಡಿ.

ರಿಪೋರ್ಟೇ ಸುಳ್ಳು ಹೇಳುವುದೂ ಉಂಟು. ಪಟ್ಟಿ ಬಿಗಿದು ಮುಷ್ಟಿ ಹಿಂಡಿಸಿ ತೆಗೆದ ರಕ್ತ, ಸಣ್ಣ ಸೂಜಿಯಲ್ಲಿ ಜಗ್ಗಿದ ರಕ್ತ, ಪ್ರಯೋಗಾಲಯಕ್ಕೆ ಹೋಗುವವರೆಗೆ ಸೀರಂ ಬೇರ್ಪಡಿಸದೆ ಐಸ್‌ನಲ್ಲಿಟ್ಟ ರಕ್ತ, ಎಲ್ಲದರಲ್ಲೂ ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಿಂದ ಬೇರೆ ಟ್ಯೂಬಿಗೆ ಸುರಿದಿದ್ದರೆ ಪೊಟ್ಯಾಸಿಯಂ ವಿಪರೀತ ಏರಿ, ಕ್ಯಾಲ್ಸಿಯಂ ವಿಪರೀತ ಇಳಿದು ಬರುತ್ತದೆ; ಆ ಜೋಡಿ ಕಂಡರೆ ಮೊದಲು ಟ್ಯೂಬನ್ನು ಅನುಮಾನಿಸಿ. ಆದರೆ ಇಸಿಜಿ ಕೆಟ್ಟಿರುವಾಗ ಮರುಪರೀಕ್ಷೆಗಾಗಿ ಕ್ಯಾಲ್ಸಿಯಂ ತಡಮಾಡಬೇಡಿ.

ಪೊಟ್ಯಾಸಿಯಂ ಇಳಿದಾಗ

"ಲಕ್ವಾ ಹೊಡದದ" ಎಂದು ಮನೆಯವರು ಹೊತ್ತು ತರುವ ಎಲ್ಲವೂ ಲಕ್ವಾ ಅಲ್ಲ. ರಾತ್ರಿ ಮದುವೆಯೂಟ ಹೊಟ್ಟೆ ತುಂಬ ಉಂಡು ಮಲಗಿದ ಹುಡುಗ ಬೆಳಿಗ್ಗೆ ಎರಡೂ ಕಾಲು ಎತ್ತಲಾರ. ಮಾತು ಸರಿಯಿದೆ, ಮುಖ ಸೊಟ್ಟಗಿಲ್ಲ, ಮುಟ್ಟಿದ್ದು ಗೊತ್ತಾಗುತ್ತದೆ, ಮೊಣಕಾಲ ತಟ್ಟಿದರೆ ಒದೆತ ಮಾತ್ರ ಕಡಿಮೆ. ಇದು ಪೊಟ್ಯಾಸಿಯಂ ಇಳಿದು ಸ್ನಾಯು ಸೋತದ್ದು ಇರಬಹುದು. ಥೈರಾಯ್ಡ್ ಹೆಚ್ಚಾದವರಲ್ಲೂ ಹೀಗಾಗುತ್ತದೆ. ನಾಟಿ ಔಷಧ, ಎಣ್ಣೆ ತಿಕ್ಕುವುದರಲ್ಲಿ ದಿನ ಹೋದರೆ ಉಸಿರಿನ ಸ್ನಾಯುಗಳೂ ಸೋಲಬಹುದು. ಒಂದೇ ಉಸಿರಿನಲ್ಲಿ ಎಷ್ಟು ಅಂಕಿ ಎಣಿಸುತ್ತಾರೆ ನೋಡಿ. 10ರ ಹತ್ತಿರವೂ ಬಾರದಿದ್ದರೆ ಆಕ್ಸಿಜನ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಪಕ್ಕದಲ್ಲಿರಲಿ. ಇಸಿಜಿಯಲ್ಲಿ ಟಿ ಚಪ್ಪಟೆ, ಅದರ ಹಿಂದೆ ಯು ಎಂಬ ಇನ್ನೊಂದು ಉಬ್ಬು.

ವಾಂತಿಭೇದಿ, ಮೂತ್ರ ಹೆಚ್ಚಿಸುವ ಗುಳಿಗೆ ಇತರ ಕಾರಣಗಳು. ಶುಗರ್ ವಿಪರೀತ ಏರಿ ಕೀಟೋನ್ ಬಂದವರಲ್ಲಿ ಪೊಟ್ಯಾಸಿಯಂ 3.5ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ತಡೆಯಿರಿ, ಮೊದಲು ಪೊಟ್ಯಾಸಿಯಂ. ಇಲ್ಲದಿದ್ದರೆ ನಾವೇ ಕೊಟ್ಟ ಇನ್ಸುಲಿನ್ ಹೃದಯ ನಿಲ್ಲಿಸುತ್ತದೆ.

ಪೊಟ್ಯಾಸಿಯಂ ಕ್ಲೋರೈಡ್ 15 ಪರ್ಸೆಂಟ್‌ನ 10 ಮಿ.ಲೀ. ಆಂಪ್ಯೂಲ್‌ನಲ್ಲಿ 20 ಮಿ.ಇ. ಇರುತ್ತದೆ. ಅದನ್ನು ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ಒತ್ತಿದರೆ ರೋಗಿ ಅಲ್ಲೇ ಸಾಯುತ್ತಾರೆ. ಇದಕ್ಕೆ ಅಪವಾದ ಬೇಡ. 500 ಮಿ.ಲೀ. ನಾರ್ಮಲ್ ಸಲಾಯಿನ್‌ಗೆ ಒಂದು ಆಂಪ್ಯೂಲ್, ಎರಡು ತಾಸಿನಲ್ಲಿ. ತಾಸಿಗೆ 10 ಮಿ.ಇ. ಆಯಿತು. ಮಿ.ಲೀ.ಗೆ 20 ಹನಿಯ ಸೆಟ್ ಆದರೆ ನಿಮಿಷಕ್ಕೆ ಸುಮಾರು 83 ಹನಿ. ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಬೇಡಿ, ಸಕ್ಕರೆ ಹೋದರೆ ಇನ್ಸುಲಿನ್ ಎದ್ದು ಪೊಟ್ಯಾಸಿಯಂ ಇನ್ನೂ ಇಳಿಯುತ್ತದೆ. ತೂಗುಹಾಕಿದ ಬಾಟಲಿಗೆ ಚುಚ್ಚಿ ಹಾಗೇ ಬಿಟ್ಟರೆ ಔಷಧ ಅಡಿಗೆ ಕೂತು ಮೊದಲ ಹನಿಗಳಲ್ಲೇ ಒಟ್ಟಿಗೆ ಹೋಗುತ್ತದೆ. ಬಾಟಲಿ ಕೆಳಗಿಳಿಸಿ, ಔಷಧ ಹಾಕಿ, ಹತ್ತು ಸಲ ತಲೆಕೆಳಗು ಮಾಡಿ, ಆಮೇಲೆ ಹಚ್ಚಿ. ಮೂತ್ರ ಹೋಗುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ನುಂಗಬಲ್ಲವರಿಗೆ ಸಿರಪ್ ಒಳ್ಳೆಯದು: 15 ಮಿ.ಲೀ.ಯಲ್ಲಿ 20 ಮಿ.ಇ., ಒಂದು ಲೋಟ ನೀರಿನಲ್ಲಿ.

ಎಷ್ಟು ಕೊಟ್ಟರೂ ಏರುತ್ತಿಲ್ಲವೆಂದರೆ ಮೆಗ್ನೀಸಿಯಂ ಇಳಿದಿರಬಹುದು. ಅದಿಲ್ಲದೆ ಕಿಡ್ನಿ ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳದು. ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ 100 ಮಿ.ಲೀ. ಸಲಾಯಿನ್‌ನಲ್ಲಿ ಒಂದು ತಾಸಿಗೆ ಹರಿಸಿ. ಆ ಮದುವೆಯೂಟದ ಹುಡುಗನಿಗೆ ಮಾತ್ರ ಕೈ ಬಿಗಿ ಹಿಡಿಯಿರಿ. ಅವನ ಪೊಟ್ಯಾಸಿಯಂ ಕಳೆದುಹೋಗಿಲ್ಲ, ಸ್ನಾಯುವಿನೊಳಗೆ ಅಡಗಿದೆ. ಅದು ಹೊರಬಂದಾಗ ನಾವು ಕೊಟ್ಟದ್ದೂ ಸೇರಿ ಉಕ್ಕಿ ಏರುತ್ತದೆ.

ಸೋಡಿಯಂ: ಸ್ವಲ್ಪ ಏರಿಸಿ, ನಿಲ್ಲಿಸಿ

"ಆಯಿ ಏನೇನೋ ಮಾತಾಡ್ಲಾಕತ್ಯಾಳ್ರಿ" ಎಂದು ಕರೆತರುವ ಅಜ್ಜಿಯ ಗುಳಿಗೆಯ ಚೀಲ ತೆರೆಸಿ ನೋಡಿ. ಕ್ಲೋರ್ತಾಲಿಡೋನ್ ಅಥವಾ ಹೈಡ್ರೊಕ್ಲೋರೊಥಯಾಜೈಡ್ ಕೂಡಿದ ಬಿಪಿ ಗುಳಿಗೆ, ನಾಲ್ಕು ದಿನದಿಂದ ಊಟವಿಲ್ಲದೆ ಬರೀ ನೀರು. ಟಿಬಿ ಮೆದುಳಿಗೆ ಹೋದವರು, ಫಿಟ್ಸ್‌ಗೆ ಕಾರ್ಬಮಜೆಪಿನ್ ತಿನ್ನುವವರೂ ಇದೇ ಸಾಲಿನವರು. ಶುಗರ್ ನೋಡದೆ ಸೋಡಿಯಂ ಬಗ್ಗೆ ತೀರ್ಮಾನ ಬೇಡ. ಶುಗರ್ 100ರ ಮೇಲೆ ಪ್ರತಿ 100ಕ್ಕೆ ಸೋಡಿಯಂ ಸುಮಾರು 1.6 ತಾನಾಗಿ ಇಳಿದು ಕಾಣುತ್ತದೆ.

ಸೋಡಿಯಂ 112 ಇದ್ದೂ ಎದ್ದು ಕೂತು ಮಾತನಾಡುವವರಿಗೆ ರಾತ್ರೋರಾತ್ರಿ ಮಾಡಬೇಕಾದ್ದು ಕಡಿಮೆ. ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಮಾತ್ರ 3 ಪರ್ಸೆಂಟ್ ಸಲಾಯಿನ್ 100 ಮಿ.ಲೀ. 10 ನಿಮಿಷದಲ್ಲಿ, ಕೈಯ ದೊಡ್ಡ ರಕ್ತನಾಳದಲ್ಲೇ ಆಗುತ್ತದೆ. ನಿಲ್ಲದಿದ್ದರೆ ಇನ್ನೆರಡು ಸಲ. 50 ಕೆ.ಜಿ.ಯ ಹೆಂಗಸಿಗೆ ಒಂದು ಬಾಟಲಿ ಹೆಚ್ಚೂಕಡಿಮೆ 2 ಅಂಕ ಏರಿಸುತ್ತದೆ. 4ರಿಂದ 6 ಅಂಕ ಏರಿದರೆ ಮೆದುಳಿನ ಊತ ಇಳಿಯಲು ಅದು ಸಾಕು. 112 ಇದ್ದದ್ದು 117 ಆಯಿತು, ಫಿಟ್ಸ್ ನಿಂತಿತು. ಅವತ್ತಿನ ಕೆಲಸ ಮುಗಿಯಿತು.

3 ಪರ್ಸೆಂಟ್ ಇಲ್ಲವೆಂದರೆ ಕಪಾಟಿನ ಸೋಡಿಯಂ ಬೈಕಾರ್ಬೋನೇಟ್ ನೆನಪಿರಲಿ. 7.5 ಪರ್ಸೆಂಟ್‌ನ 50 ಮಿ.ಲೀ.ಯಲ್ಲಿ ಸುಮಾರು 45 ಮಿ.ಇ. ಸೋಡಿಯಂ ಇದೆ, 3 ಪರ್ಸೆಂಟ್‌ನ 100 ಮಿ.ಲೀ.ಯಲ್ಲಿರುವುದು 51. 10 ನಿಮಿಷದಲ್ಲಿ ನಿಧಾನವಾಗಿ ಕೊಡಬಹುದು. ಪೊಟ್ಯಾಸಿಯಂ ಇಳಿದವರಿಗೆ ಇದು ಸಲ್ಲದು.

24 ತಾಸಿನಲ್ಲಿ ಏರಿಕೆ 8 ಅಂಕ ದಾಟಬಾರದು. ಕುಡಿತದವರು, ಊಟವಿಲ್ಲದೆ ಸೊರಗಿದವರು, ಲಿವರ್ ಕೆಟ್ಟವರು, ಪೊಟ್ಯಾಸಿಯಂ ಇಳಿದವರು, ಇವರಲ್ಲಿ ಈ ಗೆರೆ ಕಟ್ಟುನಿಟ್ಟು. ದಾಟಿದರೆ ಮೆದುಳಿನ ಕಾಂಡದ ನರಗಳ ಹೊದಿಕೆ ಕರಗಬಹುದು. ಎರಡರಿಂದ ಆರು ದಿನಕ್ಕೆ ಮಾತು ತೊದಲಿ, ನುಂಗಲಾಗದೆ, ನಾಲ್ಕೂ ಕೈಕಾಲಿನ ಸ್ವಾಧೀನ ತಪ್ಪಬಹುದು. ಅಪಾಯದ ಸುಳಿವು ಮೂತ್ರದ ಚೀಲದಲ್ಲೇ ಇದೆ. ಗುಳಿಗೆ ನಿಲ್ಲಿಸಿ ಸಲಾಯಿನ್ ಹಚ್ಚಿದ ಕೆಲವು ತಾಸಿಗೆ ತಿಳಿನೀರಿನಂಥ ಮೂತ್ರ ತಾಸಿಗೆ 100 ಮಿ.ಲೀ. ದಾಟಿ ಸುರಿಯತೊಡಗಿದರೆ ಸೋಡಿಯಂ ಓಡುತ್ತಿದೆ. ಸಲಾಯಿನ್ ನಿಲ್ಲಿಸಿ, ಕೂಡಲೇ ಸೋಡಿಯಂ ನೋಡಿ, ದಾಟಿದ್ದರೆ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ತಾಸಿಗೆ ಕೆ.ಜಿ.ಗೆ 3 ಮಿ.ಲೀ.ನಂತೆ ಹಚ್ಚಿ, ದೊಡ್ಡಾಸ್ಪತ್ರೆಯಲ್ಲಿ ಮೂತ್ರ ತಡೆಯುವ ಡೆಸ್ಮೊಪ್ರೆಸಿನ್ 2 ಮೈಕ್ರೋಗ್ರಾಂ. ಕೊಟ್ಟ ಪೊಟ್ಯಾಸಿಯಂ ಕೂಡ ಸೋಡಿಯಂ ಅನ್ನು ಏರಿಸುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸೋಡಿಯಂ ಏರುವುದು ನಮ್ಮಲ್ಲಿ ಕೂಸುಗಳಲ್ಲಿ, ಹಾಸಿಗೆ ಹಿಡಿದ ಮುದುಕರಲ್ಲಿ. ಒಂದು ಲೀಟರ್‌ನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೋಟ ನೀರಿಗೆ ಕಲಸಿ ಕೂಸಿಗೆ ಕುಡಿಸಿದರೆ ಅದು ಉಪ್ಪಿನ ವಿಷವೇ. 20.5 ಗ್ರಾಂನ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್. ಅಂಗಡಿಯ ನೀರಿನ ಲೀಟರ್ ಬಾಟಲಿಯನ್ನೇ ಅಳತೆ ಮಾಡಿಕೊಳ್ಳಲು ತಾಯಿಗೆ ತೋರಿಸಿ. 24 ತಾಸಿನ ಮೇಲೆ ಚೆಲ್ಲಬೇಕು. ಹೆಸರಿನಲ್ಲಿ ಓಆರ್‌ಎಸ್ ಎಂದಿದ್ದ ಸಕ್ಕರೆ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು; 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದೆಂದು ಆದೇಶಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ, ಸೋಡಿಯಂ 75 ಎಂದಿದೆಯೇ ಎಂದು ಓದಿ ಕೊಳ್ಳಿ. ಏರಿದ ಸೋಡಿಯಂ ಇಳಿಸುವುದೂ ನಿಧಾನಕ್ಕೆ, ದಿನಕ್ಕೆ 10 ಅಂಕ. ಬೇಗ ಇಳಿಸಿದರೆ ಮೆದುಳು ಊದುತ್ತದೆ.

ಕ್ಯಾಲ್ಸಿಯಂ, ಮೆಗ್ನೀಸಿಯಂ

ಥೈರಾಯ್ಡ್ ಆಪರೇಷನ್ ಆಗಿ ಮನೆಗೆ ಬಂದವರು ತುಟಿ ಜುಮುಗುಟ್ಟುತ್ತದೆ ಎಂದರೆ, ಬಳೆಗಾರ ಬಳೆ ತೊಡಿಸುವಾಗ ಕೈ ಮಡಚುತ್ತಾರಲ್ಲ, ಹಾಗೆ ಬೆರಳು ಕೂಡಿ ಹೆಬ್ಬೆರಳು ಒಳಗೆ ಸೇರಿ ಸೆಟೆದರೆ, ಅದು ಕ್ಯಾಲ್ಸಿಯಂ ಇಳಿತ. ಗಂಟಲು ಬಿಗಿದರೆ ಉಸಿರು ಕಟ್ಟುತ್ತದೆ. ಗ್ಲುಕೋನೇಟ್ 10ರಿಂದ 20 ಮಿ.ಲೀ. 100 ಮಿ.ಲೀ. ಡೆಕ್ಸ್‌ಟ್ರೋಸ್‌ನಲ್ಲಿ 10ರಿಂದ 20 ನಿಮಿಷ. ಫಿಟ್ಸ್ ಬಂದ ಕೂಸಿಗೆ ಮೊದಲು ಶುಗರ್ ನೋಡಿ, ಆಮೇಲೆ ಗ್ಲುಕೋನೇಟ್ ಕೆ.ಜಿ.ಗೆ 1ರಿಂದ 2 ಮಿ.ಲೀ., ಅದರಷ್ಟೇ ಡೆಕ್ಸ್‌ಟ್ರೋಸ್ ಬೆರೆಸಿ, ಎದೆಬಡಿತ ಕೇಳುತ್ತ ನಿಧಾನಕ್ಕೆ. ಸೂಜಿ ರಕ್ತನಾಳದಿಂದ ಸರಿದು ಹೊರಗೆ ಹೋದರೆ ಚರ್ಮ ಕೊಳೆಯುತ್ತದೆ.

ಹೆರಿಗೆ ಕೋಣೆಯಲ್ಲಿ ಫಿಟ್ಸ್‌ಗೆ ಮೆಗ್ನೀಸಿಯಂ ಹಚ್ಚಿದಾಗ ಪ್ರತಿ ಮುಂದಿನ ಡೋಸ್‌ಗೂ ಮೊದಲು ಮೂರು ನೋಡಿ: ಮೊಣಕಾಲ ಒದೆತ ಇದೆಯೇ, ಉಸಿರು ನಿಮಿಷಕ್ಕೆ 16 ಇದೆಯೇ, ಮೂತ್ರ ತಾಸಿಗೆ 30 ಮಿ.ಲೀ. ಇದೆಯೇ. ಒಂದು ಇಲ್ಲದಿದ್ದರೂ ಡೋಸ್ ನಿಲ್ಲಲಿ. ಉಸಿರು ನಿಧಾನವಾದರೆ ಆಂಬು ಬ್ಯಾಗ್, ಜೊತೆಗೆ ಅದೇ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ.

ಪೊಟ್ಯಾಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಗ್ಲುಕೋನೇಟ್, ಇಂಜೆಕ್ಷನ್ ನೀರು ಮೂರೂ 10 ಮಿ.ಲೀ.ಯ ಆಂಪ್ಯೂಲ್‌ಗಳು. ಒಂದೇ ಟ್ರೇಯಲ್ಲಿ ಇಡಬೇಡಿ. ಪೊಟ್ಯಾಸಿಯಂಗೆ ಬೇರೆ ಡಬ್ಬಿ, ಕೆಂಪು ಪಟ್ಟಿ, "ಬೆರೆಸದೆ ಕೊಡಬಾರದು" ಎಂಬ ದಪ್ಪಕ್ಷರದ ಚೀಟಿ.

ರೆಫರ್ ಚೀಟಿಯಲ್ಲಿ "ಎಲೆಕ್ಟ್ರೋಲೈಟ್ ಇಂಬ್ಯಾಲೆನ್ಸ್, ಮುಂದಿನ ಚಿಕಿತ್ಸೆಗೆ" ಎಂದಷ್ಟೇ ಬರೆದರೆ ಅಲ್ಲಿನವರಿಗೆ ಏನೂ ತಿಳಿಯದು. ಕ್ಯಾಲ್ಸಿಯಂ ಎಷ್ಟು ಗಂಟೆಗೆ, ಎಷ್ಟು ಆಂಪ್ಯೂಲ್; ಇನ್ಸುಲಿನ್ ಎಷ್ಟು ಗಂಟೆಗೆ, ಕೊನೆಯ ಶುಗರ್ ಎಷ್ಟು; ಮೊದಲ ಸೋಡಿಯಂ ಎಷ್ಟು, ಯಾವ ವೇಳೆಯದು, 3 ಪರ್ಸೆಂಟ್ ಎಷ್ಟು ಹೋಯಿತು; ಮೂತ್ರ ಎಷ್ಟು ಬಂತು. ಈ ಅಂಕಿಗಳನ್ನು ಬರೆಯಿರಿ. ಚಿಕಿತ್ಸೆಗೆ ಮೊದಲಿನ ಇಸಿಜಿಯನ್ನು ಪಿನ್ ಮಾಡಿ ಕೊಡಿ, ಅದಕ್ಕೂ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಆ ಕಾಗದ ಬಿಸಿ ತಾಗಿದರೆ ಕಪ್ಪಾಗುತ್ತದೆ. ಮೇ ತಿಂಗಳ ಆಂಬ್ಯುಲೆನ್ಸ್‌ನಲ್ಲಿ ಕಿಟಕಿಯ ಬಿಸಿಲಿಗೆ ಬಿದ್ದರೆ ಕಲಬುರಗಿ ಮುಟ್ಟುವಷ್ಟರಲ್ಲಿ ಅದರ ಮೇಲಿನ ಗೆರೆ ಓದಲು ಬರದಂತಾಗಬಹುದು.